ಬೊಚ್ಚುಬಾಯಿ ಬಳಗ

ಸೊಸೆಗೆ ಸುಲಭಕ್ಕೆ ಹೇಸಿಗೆ ಆಗುತ್ತಿರಲಿಲ್ಲ. ಹೇಸಿಕೊಂಡು ಕೂತಿದ್ದರೆ ಅವಳಿಗೆ ಅನ್ನವೇ ಹುಟ್ಟುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸುತ್ತಿದ್ದರು. ಚೀಲ ಬಿಚ್ಚಿದರೆ ಅಚ್ಚಿನ ಮೇಲೆ ಎಂಜಲಿನ ಎಳೆ, ಒಮ್ಮೊಮ್ಮೆ ರಕ್ತ, ಒಮ್ಮೊಮ್ಮೆ ಬೆಳಿಗ್ಗೆ ತಿಂದದ್ದರ ಚೂರು. ಸೊಸೆ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಔಷಧದ ನೀರಿನಲ್ಲಿ ಅದ್ದಿ, ಪ್ಲಾಸ್ಟರ್ ಸುರಿದು, ಬಾಯಿಯ ಮಾದರಿ ಎಬ್ಬಿಸುತ್ತಿದ್ದಳು. ಮೇಲೆ ಮೇಣದ ದಿಂಡು ಕೂರಿಸಿ, ಬಿಸಿ ಚಾಕುವಿನ ತುದಿಯಿಂದ ಒಂದೊಂದೇ ಹಲ್ಲನ್ನು ಅದರಲ್ಲಿ ನೆಡುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡರೆ, "ಎಲ್ಲರ ಬಾಯೂ ಒಂದೇ ಕಣ್ರೇ, ಒಳಗೆ ಹೊಕ್ಕು ನೋಡಿದ್ರೆ" ಎಂದು ನಗುತ್ತಿದ್ದಳು.

ಅಂಥವಳು ಒಂದು ದಿನ, ಒಂದು ಜೊತೆ ಹಲ್ಲನ್ನು ಕೈಯಲ್ಲಿ ಹಿಡಿದು ವಾಂತಿ ಬಂದಂತಾಗಿ ಬಚ್ಚಲಿಗೆ ಓಡಿದಳು. ಅದು ಅವಳ ಅತ್ತೆಯ ಹಲ್ಲು. ಅವಳೇ ಮಾಡಿಕೊಟ್ಟದ್ದು.

ಅತ್ತೆಗೆ ಎಪ್ಪತ್ಮೂರು. ಮೂವತ್ನಾಲ್ಕು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಅಲ್ಲಿ ಯಂತ್ರಗಳ ಗದ್ದಲದ ಮೇಲೆ ಕೇಳಬೇಕೆಂದರೆ ದನಿಯನ್ನು ಹೊಟ್ಟೆಯ ತಳದಿಂದ ಎತ್ತಬೇಕಿತ್ತು. ಗಿರಣಿಯ ಹೆಂಗಸರು ಹಾಗೆ ಎತ್ತಿ ಹಾಡಿದ ನೂರಾರು ಹಾಡುಗಳು ಅತ್ತೆಯ ಬಾಯಲ್ಲಿದ್ದವು. ಕೆಲವು ಅವಳ ತಾಯಿಯವು, ಕೆಲವು ಪಕ್ಕದ ಯಂತ್ರದವಳವು, ಇನ್ನು ಕೆಲವು ಯಾರವೋ ಯಾರಿಗೂ ಗೊತ್ತಿಲ್ಲ. ಒಂದು ಸಲ ರೇಡಿಯೋದವರು ಬಂದು ಹಾಡಿಸಿಕೊಂಡು ಹೋದ ಮೇಲೆ ಅವಳಿಗೆ 'ಗಿರಣಿ ಹಾಡಿನಮ್ಮ' ಎಂದು ಹೆಸರಾಯಿತು. ಶಾಲೆಗಳಿಗೆ, ಸಭೆಗಳಿಗೆ ಕರೆಯುತ್ತಿದ್ದರು. ಹೋಗಿ ನಾಲ್ಕು ಹಾಡು ಹೇಳಿ, ಕೊಟ್ಟ ಶಾಲನ್ನು ಮಡಿಸಿ ಬೀರುವಿನಲ್ಲಿಟ್ಟು, ಮಾರನೆಯ ದಿನ ಮತ್ತೆ ಬಟ್ಟೆ ಒಗೆಯುತ್ತಿದ್ದಳು.

ಆ ವರ್ಷ ಅವಳ ಒಸಡು ಕೆಟ್ಟು ಉಳಿದಿದ್ದ ಹನ್ನೊಂದು ಹಲ್ಲೂ ಅಲ್ಲಾಡತೊಡಗಿದವು. ಡಾಕ್ಟರು ಎರಡು ವಾರದಲ್ಲಿ ಎಲ್ಲವನ್ನೂ ಕಿತ್ತರು. ಒಸಡು ಮಾಗುವವರೆಗೆ ಮೂರು ತಿಂಗಳು ಸೆಟ್ ಹಾಕುವಂತಿಲ್ಲ ಎಂದರು. ಅತ್ತೆ ಗಂಜಿ ಕುಡಿದಳು, ಬಾಳೆಹಣ್ಣು ಹಿಸುಕಿ ತಿಂದಳು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಂಗೆ ಈಗ ಎರಡೂ ಇಲ್ಲ" ಎಂದು ತನ್ನನ್ನೇ ಗೇಲಿ ಮಾಡಿಕೊಂಡಳು. ತುಂಬ ಸೊರಗಿದಳು. ತೋಳಿನ ಚರ್ಮ ಜೋಲಿತು.

ಆ ಮೂರು ತಿಂಗಳ ನಡುವೆ ಒಂದು ಭಾನುವಾರ ಮಗಳು ಬಂದಿದ್ದಳು. ಅವಳೆಂದರೆ ಸೊಸೆಯ ನಾದಿನಿ, ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುವವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಅತ್ತೆ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತ ಹಾಡಿಕೊಳ್ಳುತ್ತಿದ್ದಳು:

ಸುತ್ತು ಸುತ್ತು ನೂಲೇ, ಸೋತವರ ಕೈಗೆ ಸುತ್ತು,
ಸಂಜೆಯ ಸೈರನ್ನು ಸತ್ತೇ ಹೋಯಿತೇನೇ…

ಹಲ್ಲಿಲ್ಲದ ಬಾಯಲ್ಲಿ 'ಸ' ಎಲ್ಲ 'ಶ' ಆಗಿ, ಪ್ರತಿ ಸಾಲಿನ ಕೊನೆಗೆ ಗಾಳಿ ಸೋರಿ ಸಣ್ಣಗೆ ಶಿಳ್ಳೆ ಬರುತ್ತಿತ್ತು. ಅತ್ತೆಗೇ ನಗು ಬಂತು, ಮಧ್ಯೆ ನಿಲ್ಲಿಸಿ ನಕ್ಕಳು, ಮತ್ತೆ ಹಾಡಿದಳು. ನಾದಿನಿ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡಳು. ಹಾಕಲಾ ಎಂದು ಕೇಳಲಿಲ್ಲ, ಜಾಲತಾಣಕ್ಕೆ ಹಾಕಿಬಿಟ್ಟಳು.

ಎರಡು ದಿನದಲ್ಲಿ ಅದನ್ನು ಎಷ್ಟು ಜನ ನೋಡಿದರೆಂದರೆ ಸೊಸೆಯ ಗಂಡ, ಲಿಫ್ಟ್ ರಿಪೇರಿಯವನು, ಕೆಲಸಕ್ಕೆ ಹೋದ ಮೂರು ಕಟ್ಟಡಗಳಲ್ಲೂ ತನ್ನ ತಾಯಿಯ ಶಿಳ್ಳೆ ಕೇಳಿ ಬಂದ. "ಅಮ್ಮ, ನೀನು ಎಂಟನೇ ಮಹಡಿವರೆಗೂ ಹತ್ತಿದ್ದೀಯ" ಎಂದ. ನಾದಿನಿ ಅಮ್ಮನ ಇನ್ನಷ್ಟು ಹಾಡು ಹಿಡಿದು ಹಾಕಲು ಅಲ್ಲೇ ಒಂದು ಗುಂಪು ತೆರೆದಳು. ಯಾರೋ ಕೆಳಗೆ ಬರೆದ ಮಾತಿನಿಂದ ಅದಕ್ಕೆ ಹೆಸರು ಬಂತು: ಬೊಚ್ಚುಬಾಯಿ ಬಳಗ.

ಮೊದಮೊದಲು ಅದು ಒಳ್ಳೆಯದೇ ಆಗಿತ್ತು. ಅದನ್ನು ಸೊಸೆ ಕೊನೆಯವರೆಗೂ ಅಲ್ಲಗಳೆಯಲಿಲ್ಲ. ಗಿರಣಿಯಲ್ಲಿ ಅತ್ತೆಯ ಜೊತೆ ಕೆಲಸ ಮಾಡಿದವಳ ಮಗಳೊಬ್ಬಳು ಎಲ್ಲಿಂದಲೋ ಬರೆದಳು, ಇದು ನಮ್ಮಮ್ಮ ಹಾಡ್ತಿದ್ದ ಹಾಡು, ಎರಡನೇ ಸಾಲು ನಂಗೆ ಮರೆತೇ ಹೋಗಿತ್ತು ಅಂತ. ಆಸ್ಪತ್ರೆಯ ನರ್ಸ್ ಒಬ್ಬಳು ನಿದ್ದೆ ಬಾರದ ರೋಗಿಗಳಿಗೆ ಅದನ್ನು ಕೇಳಿಸುತ್ತೇನೆ ಎಂದಳು. ಸಂಜೆ ಹೊತ್ತು ನಾದಿನಿ ಬಂದು ಒಂದೊಂದನ್ನೇ ಓದಿ ಹೇಳುತ್ತಿದ್ದಳು. ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟು, ಶಾಲು ಸರಿಮಾಡಿಕೊಂಡು, ಅವರೆಲ್ಲ ಎದುರಿಗೇ ಕೂತಿದ್ದಾರೇನೋ ಎಂಬಂತೆ ಕೇಳುತ್ತಿದ್ದಳು.

ಜನ ಹೆಚ್ಚಿದರು. ಹತ್ತು ಸಾವಿರ, ಇಪ್ಪತ್ತು, ನಲವತ್ತು. ಒಬ್ಬಳ ಕೈಲಾಗದೆ ನಾದಿನಿ ಇನ್ನೊಬ್ಬನನ್ನು ಮೇಲ್ವಿಚಾರಣೆಗೆ ಸೇರಿಸಿಕೊಂಡಳು. ಅವನು ತನ್ನನ್ನು 'ಮೂಲದನಿ' ಎಂದು ಕರೆದುಕೊಳ್ಳುತ್ತಿದ್ದ. ಚೆನ್ನಾಗಿ ಬರೆಯುತ್ತಿದ್ದ. ಬಂದ ವಾರದಲ್ಲೇ ಹನ್ನೆರಡು ನಿಯಮ ಮಾಡಿದ. ಅತ್ತೆಯ ಹಾಡಿಗೆ ಅರ್ಥ ಬರೆದ. ನೂಲು ಎಂದರೆ ಜೀವ, ಸೈರನ್ನು ಎಂದರೆ ಸಾವು, ಹಲ್ಲಿಲ್ಲದ ಬಾಯಿ ಎಂದರೆ ಎಲ್ಲವನ್ನೂ ಬಿಟ್ಟುಕೊಟ್ಟ ಸತ್ಯ. ಓದಿ ಹೇಳಿದಾಗ ಅತ್ತೆ, "ಅಯ್ಯೋ, ಸೂಪರ್‌ವೈಸರು ಹತ್ತು ನಿಮಿಷ ಸೈರನ್ನು ತಡ ಮಾಡ್ತಿದ್ದ ಕಣೇ, ಬಿಟ್ಟಿ ದುಡಿಸಿಕೊಳ್ಳೋಕೆ. ಅವನಿಗೆ ಬೈದು ಕಟ್ಟಿದ ಹಾಡು ಅದು" ಎಂದಳು. ನಾದಿನಿ ಅದನ್ನೂ ಬರೆದು ಹಾಕಿದಳು. ಎರಡು ಸಾವಿರ ಮಂದಿ ಮೂಲದನಿಯ ಅರ್ಥವನ್ನು ಮೆಚ್ಚಿದ್ದರು. ಅತ್ತೆಯ ಅರ್ಥವನ್ನು ಮೆಚ್ಚಿದವರು ಅರವತ್ತು ಜನ.

ಸೊಸೆಗೆ ಮೊದಲು ಕಸಿವಿಸಿಯಾದದ್ದು ಚಿತ್ರಗಳನ್ನು ನೋಡಿದಾಗ. ಬಳಗದವರು ವಿಡಿಯೋವನ್ನು ನಿಲ್ಲಿಸಿ, ಹಿಗ್ಗಿಸಿ, ಬರೀ ಬಾಯನ್ನಷ್ಟೇ ಕತ್ತರಿಸಿ ಹಾಕುತ್ತಿದ್ದರು. ಕಣ್ಣಿಲ್ಲ, ಮೂಗಿಲ್ಲ, ಒದ್ದೆ ಒಸಡು, ನಾಲಿಗೆ, ಒಳಗಿನ ಕತ್ತಲೆ. 'ಒಸಡಿನ ಮೇಲೆ ಬೆಳಕು ಬೀಳುವ ಹಾಗೆ ಇನ್ನೊಂದು ತೆಗೀರಿ ಅಕ್ಕಾ' ಎಂದು ಒಬ್ಬಳು ನಾದಿನಿಯನ್ನು ಬೇಡಿದ್ದಳು. ಇನ್ನೊಬ್ಬ ಆ ಬಾಯನ್ನೇ ಬಳಗದ ಗುರುತಾಗಿ ಬರೆದುಕೊಟ್ಟಿದ್ದ. ದಿನವಿಡೀ ಬಾಯಿಗಳ ನಡುವೆಯೇ ಕೂರುವ ಸೊಸೆಗೆ ಆ ಬಾಯಿ ನೋಡಿ ಮೈ ಜುಮ್ಮೆಂದಿತು. ಲ್ಯಾಬಿನಲ್ಲಿ ಬಾಯಿಗೆ ಒಂದು ಕೆಲಸವಿತ್ತು. ಅದು ಯಾರದ್ದೋ ಊಟದ ಬಾಯಿ. ಇಲ್ಲಿ ಅದನ್ನು ನೆಕ್ಕುವ ಹಾಗೆ ನೋಡುತ್ತಿದ್ದರು.

"ಬಿಡಿ ಅತ್ತಿಗೆ, ಪ್ರೀತಿ ಅವ್ರಿಗೆ" ಎಂದಳು ನಾದಿನಿ.

ಮೂರು ತಿಂಗಳಾಯಿತು. ಡಾಕ್ಟರು ಅಚ್ಚು ತೆಗೆದರು, ಸೊಸೆ ಸೆಟ್ ಮಾಡಿದಳು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಗಿರಣಿಯ ಗುರುತಿನ ಚೀಟಿಯಲ್ಲಿ ಅತ್ತೆಯ ಹಳೆಯ ಫೋಟೋ ಇತ್ತು. ಅದರಲ್ಲಿ ಎಡಗಡೆಯ ಕೋರೆಹಲ್ಲು ಕೊಂಚ ಮುಂದಕ್ಕೆ ವಾಲಿತ್ತು. ಸೊಸೆ ಭೂತಗನ್ನಡಿಯಲ್ಲಿ ಅದನ್ನು ನೋಡಿ, ಮೇಣದಲ್ಲಿ ಆ ಹಲ್ಲನ್ನು ಅಷ್ಟೇ ವಾಲಿಸಿ ನೆಟ್ಟಳು. ಅಂಚುಗಳನ್ನು ನಾಲ್ಕು ಸಲ ಉಜ್ಜಿ ನುಣುಪು ಮಾಡಿದಳು. ಕ್ಲಿನಿಕ್ಕಿನಲ್ಲಿ ಹಾಕಿಕೊಂಡು ಕನ್ನಡಿ ನೋಡಿದ ಅತ್ತೆ ಆ ಕೋರೆಹಲ್ಲನ್ನು ನಾಲಿಗೆಯಿಂದ ತಡವಿದಳು. ಆಮೇಲೆ ಹೇಳಿದಳು: "ಇವಳು ನಂಗೆ ಗೊತ್ತಿರೋಳೇ ಕಣೇ."

ಹತ್ತು ದಿನ ಉಜ್ಜುತ್ತದೆ, ಒತ್ತುತ್ತದೆ ಎಂದು ಗೊಣಗಿದಳು. ಸೊಸೆ ಒತ್ತುವಲ್ಲಿ ಕೆರೆದು ಕೊಟ್ಟಳು. ಹನ್ನೊಂದನೆಯ ದಿನ ಅತ್ತೆ ಅಡುಗೆಮನೆಯಲ್ಲಿ ನಿಂತು ಒಂದು ಇಡೀ ಸೇಬನ್ನು ಕಚ್ಚಿ ಕಚ್ಚಿ ತಿಂದಳು, ಬೀಜದ ತನಕ. ಕೆನ್ನೆ ತುಂಬಿಕೊಂಡವು. ಹಾಡಿದಳು. 'ಸ' ಮತ್ತೆ 'ಸ' ಆಯಿತು. ಅರವತ್ತು ವರ್ಷ ಅವಳು ಹಾಡಿಕೊಂಡು ಬಂದ ದನಿ ಅದೇ, ಗಿರಣಿಯವರು ಕೇಳಿದ್ದು ಅದನ್ನೇ. ನಾದಿನಿ ಖುಷಿಯಿಂದ ಅದನ್ನು ಬಳಗದಲ್ಲಿ ಹಾಕಿದಳು.

ಅರ್ಧ ಗಂಟೆಯಲ್ಲಿ ಬೆಂಕಿ ಬಿತ್ತು.

'ಇದು ನಮ್ಮ ಅಜ್ಜಿ ಅಲ್ಲ.' 'ಯಾರು ಹೀಗೆ ಮಾಡಿದ್ದು?' 'ಪ್ಲಾಸ್ಟಿಕ್ ಹಾಡು.' 'ಅಳು ಬಂತು, ಆದರೆ ಬೇರೆ ಕಾರಣಕ್ಕೆ.' ಮೂಲದನಿ ಎರಡು ಪುಟ ಬರೆದ: ಒಂದು ಪವಾಡ ನಮ್ಮ ಕಣ್ಣೆದುರೇ ಕೊಲೆಯಾಯಿತು, ಮನೆಯವರಿಗೆ ಅದರ ಬೆಲೆ ಗೊತ್ತಿಲ್ಲ. ಕೆಳಗೆ ಮತದಾನ ಇಟ್ಟ: ಅಜ್ಜಿ ಹಲ್ಲಿನೊಂದಿಗೆ ಹಾಡಬೇಕೇ, ಹಲ್ಲಿಲ್ಲದೆ ಹಾಡಬೇಕೇ? ನೂರಕ್ಕೆ ತೊಂಬತ್ತೊಂದು ಮಂದಿ ಹಲ್ಲಿಲ್ಲದೆ ಎಂದರು. ಮಧ್ಯೆ ಒಬ್ಬಳು, ಬಹುಶಃ ಆ ನರ್ಸೇ ಇರಬೇಕು, 'ಅವರು ಊಟ ಹೇಗೆ ಮಾಡಬೇಕು?' ಎಂದು ಕೇಳಿದ್ದಳು. 'ಊಟ ಎಲ್ಲರೂ ಮಾಡ್ತಾರೆ, ಹಾಗೆ ಹಾಡೋರು ಅವರೊಬ್ಬರೇ' ಎಂಬ ಉತ್ತರಕ್ಕೆ ಸಾವಿರ ಹೃದಯಗಳು ಬಿದ್ದಿದ್ದವು.

ಸೊಸೆ ಹಲ್ಲು ಮಾಡುವವಳು ಎಂಬುದು ಹೇಗೋ ಹೊರಬಿತ್ತು. ಲ್ಯಾಬಿಗೆ ಫೋನುಗಳು ಬರತೊಡಗಿದವು. ಒಬ್ಬ ಗಂಡಸು ತಣ್ಣಗಿನ ದನಿಯಲ್ಲಿ, "ನಿಮ್ಮ ಕೈ ಸೇದಿ ಹೋಗ್ಲಿ" ಎಂದು ಇಟ್ಟುಬಿಟ್ಟ. ಲ್ಯಾಬಿನ ಯಜಮಾನ ಒಳ್ಳೆಯವನು, ಆದರೆ ಗಲಾಟೆಗೆ ಹೆದರುವವನು. "ಏನಮ್ಮಾ ಇದು? ಹಲ್ಲು ಚೆನ್ನಾಗಿಲ್ಲ ಅಂತ ಬೈಯೋರನ್ನ ನೋಡಿದ್ದೆ. ಚೆನ್ನಾಗಿದೆ ಅಂತ ಬೈತಾ ಇದ್ದಾರಲ್ಲ!" ಎಂದು ಫೋನಿನ ತಂತಿ ಕಿತ್ತಿಟ್ಟ.

ಆ ಶನಿವಾರ ನಾದಿನಿ ಬಂದಳು. ಮಾರನೆಯ ದಿನ ಬಳಗದ ಮೊದಲ ಕೂಟ ನಡೆಯಲಿತ್ತು, ಸಭಾಂಗಣ ಗೊತ್ತುಮಾಡಿಯಾಗಿತ್ತು, ಮುನ್ನೂರು ಜನ ಬರುವವರಿದ್ದರು. ಅವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು.

"ಅಮ್ಮಾ, ಒಂದೇ ಒಂದು ಗಂಟೆ. ಹಲ್ಲು ತೆಗೆದು ಹಾಡಿಬಿಡು. ಆಮೇಲೆ ಹಾಕ್ಕೊಂಡ್ರೆ ಯಾರು ಬೇಡ ಅಂತಾರೆ?"

"ಯಾಕೆ ತೆಗೀಬೇಕು?" ಎಂದಳು ಸೊಸೆ.

"ಅತ್ತಿಗೆ, ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಅಲ್ಲ. ಅವ್ರು ಪ್ರೀತಿ ಮಾಡಿದ್ದು ಆ ದನೀನ."

"ಅದು ದನಿ ಅಲ್ಲ, ಗಾಯ. ಗಾಯ ಮಾಯೋ ತನಕ ಬಂದ ಸದ್ದು ಅದು. ಕಾಲು ಮುರಿದೋಳು ಕುಂಟಿದ್ದು ಚೆಂದ ಕಾಣ್ತು ಅಂತ ಮತ್ತೆ ಮುರೀತಾರಾ?"

"ನೀವು ಎಲ್ಲಾನೂ ಎಲ್ಲಿಂದೆಲ್ಲಿಗೋ ಎಳೀತೀರ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಸಿಡುಕುತ್ತಾಳೆ, ಗಿರಣಿಯ ಬೈಗುಳ ಒಂದನ್ನು ಒಗೆಯುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, "ಅಷ್ಟು ದೂರದಿಂದ ಬರ್ತಾರಂತೆ ಪಾಪ" ಎಂದಳು. "ಒಂದು ಗಂಟೆ ತೆಗೆದಿಟ್ರೆ ನನ್ನ ಗಂಟೇನು ಹೋಗುತ್ತೆ?"

ಅಷ್ಟೆ. ಈ ಮುದುಕಿಗೆ ಎಪ್ಪತ್ಮೂರು ವರ್ಷದಲ್ಲಿ ಯಾರೂ ಇಷ್ಟು ಮಂದಿ ಸೇರಿ ಬೇಕು ಎಂದಿರಲಿಲ್ಲ. ಆ 'ಬೇಕು' ಎಂಬ ಮಾತಿನ ರುಚಿ ಹತ್ತಿತ್ತು. ಅದು ಸೊಸೆಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಇನ್ನಷ್ಟು ಸಂಕಟವಾಯಿತು.

ಕೂಟ ನಡೆದದ್ದು ಒಂದು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ, ಮಧ್ಯಾಹ್ನ ಮೂರಕ್ಕೆ. ಬಂದವರಲ್ಲಿ ಮುಕ್ಕಾಲು ಪಾಲು ಎದೆಯ ಮೇಲೆ ಅತ್ತೆಯ ಬಾಯಿ ಅಚ್ಚಾದ ಬನಿಯನ್ನು ತೊಟ್ಟಿದ್ದರು. ಸೊಸೆ ಎಲ್ಲಿ ತಿರುಗಿದರೂ ಒಸಡು. ತೆಳ್ಳಗಿನವರ ಎದೆಯ ಮೇಲೆ ಅದು ಮುಚ್ಚಿಕೊಂಡಿತ್ತು, ದಪ್ಪಗಿನವರ ಹೊಟ್ಟೆಯ ಮೇಲೆ ಹಿಗ್ಗಿ ಬಾಯಿ ಕಿಸಿದಿತ್ತು. ವೇದಿಕೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅತ್ತೆ ಗೋಡೆಗೆ ತಿರುಗಿ ಹಲ್ಲು ತೆಗೆದು, ನೀಲಿ ಡಬ್ಬಿಯಲ್ಲಿಟ್ಟು ಮಗಳ ಕೈಗೆ ಕೊಟ್ಟಳು. ಕೆನ್ನೆ ಒಳಗೆ ಕುಸಿದವು. ಕ್ಷಣದಲ್ಲಿ ಹತ್ತು ವರ್ಷ ಮುದಿಯಾದಳು. ಅವಳು ಹಾಗೆಯೇ ಹೊರಗೆ ಬಂದದ್ದನ್ನು ಕಂಡು ಮುನ್ನೂರು ಜನ ಎದ್ದು ನಿಂತು ಕೂಗಿದರು.

ಅತ್ತೆ ಹಾಡಿದಳು. ಶುತ್ತು ಶುತ್ತು ನೂಲೇ. ಜನ ಕಣ್ಣೀರು ಸುರಿಸಿದರು. ಸುರಿಸುತ್ತಲೇ ಒಂದು ಕೈಯಲ್ಲಿ ಫೋನು ಹಿಡಿದಿದ್ದರು, ಇನ್ನೊಂದರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೊಸೆ ಹಿಂದಿನ ಗೋಡೆಗೆ ಒರಗಿ ನಿಂತು ನೋಡಿದಳು. ಐದನೇ ಹಾಡಿನ ಹೊತ್ತಿಗೆ ಅತ್ತೆಗೆ ಸುಸ್ತಾಗಿ ಜೊಲ್ಲು ಗಲ್ಲಕ್ಕೆ ಇಳಿಯಿತು. ಮುಂದಿನ ಸಾಲಿನವರು ಅದನ್ನು ಒರೆಸಲು ಹೋಗಲಿಲ್ಲ. ಹಿಗ್ಗಿಸಿ ತೆಗೆದುಕೊಂಡರು.

ಆಮೇಲೆ ಸಾಲು ನಿಂತರು. ಒಬ್ಬೊಬ್ಬರಾಗಿ ಬಂದು ಪಕ್ಕ ಕೂತು ಫೋಟೋ. "ಅಜ್ಜೀ, ಬಾಯಿ ತೆಗೀರಿ. ಇನ್ನೂ ಸ್ವಲ್ಪ. ಹಾಂ, ನಾಲಿಗೆ ಒಳಗೆ." ಒಬ್ಬ ಕೈಯಲ್ಲಿ ಸಣ್ಣ ದೀಪ ಹಿಡಿದು ಒಳಗೇ ಬೆಳಕು ಬಿಟ್ಟ. ಒಬ್ಬಳು ಹಿಸುಕಿದ ಹಣ್ಣಿನ ಬಟ್ಟಲು ತಂದಿದ್ದಳು. ಚಮಚದಲ್ಲಿ ಅತ್ತೆಗೆ ತಿನ್ನಿಸುತ್ತ, ತುಟಿಯಂಚಿನಿಂದ ಜಾರಿದ್ದನ್ನು ಮತ್ತೆ ಚಮಚದಲ್ಲಿ ಕೆರೆದು ಬಾಯಿಗಿಡುತ್ತ, "ನನ್ನ ಪಾಪು, ನನ್ನ ಬೊಚ್ಚು ಪಾಪು" ಎಂದಳು, ಫೋನಿನ ಕಡೆ ನೋಡುತ್ತ. ಮೂವತ್ನಾಲ್ಕು ವರ್ಷ ಗಿರಣಿಯಲ್ಲಿ ದುಡಿದ ಹೆಂಗಸು ಕಣ್ಣು ಮಿಟುಕಿಸುತ್ತಾ ನುಂಗಿದಳು. ಸೊಸೆ ಜನರನ್ನು ಸರಿಸಿಕೊಂಡು ಮುಂದೆ ಬಂದು ಚಮಚ ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಸಾಕು. ಏಳಿ ಅತ್ತೆ."

"ಯಾರಿವಳು?" ಎಂದು ಯಾರೋ ಕೇಳಿದರು. "ಅವಳೇ, ಹಲ್ಲಿನವಳು" ಎಂದು ಇನ್ಯಾರೋ ಹೇಳಿದರು. ಯಾರೋ ಉಗಿದ ಸದ್ದು ಕೇಳಿಸಿತು.

ಸಣ್ಣ ಕೋಣೆಯಲ್ಲಿ ಡಬ್ಬಿ ಇರಲಿಲ್ಲ. ಮೇಜಿನ ಕೆಳಗೆ, ಚೀಲಗಳಲ್ಲಿ, ಕಸದ ಬುಟ್ಟಿಯಲ್ಲಿ ಹುಡುಕಿದರು. ನಾದಿನಿಯ ಮುಖ ಬಿಳಿಚಿತ್ತು. "ಇಲ್ಲೇ ಇಟ್ಟಿದ್ದೆ" ಎಂದಳು, ಸೊಸೆಯ ಕಣ್ಣು ತಪ್ಪಿಸಿ. ಅತ್ತೆ ಬೆಂಚಿನ ಮೇಲೆ ಕೂತು ಶಾಲಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ಹೊತ್ತು ಎಲ್ಲರಿಗೂ ತೋರಿಸಿದ ಬಾಯನ್ನು ಈಗ ಮನೆಯವರಿಂದಲೇ ಮುಚ್ಚುತ್ತಿದ್ದಳು.

ಸಂಜೆ ಆರಕ್ಕೆ ಬಳಗದಲ್ಲಿ ಫೋಟೋ ಬಂತು. ಕಪ್ಪು ಬಟ್ಟೆಯ ಮೇಲೆ ಅತ್ತೆಯ ಹಲ್ಲು. ಕೆಳಗೆ ಮೂಲದನಿ ಬರೆದಿದ್ದ: 'ಇನ್ನು ಭಯವಿಲ್ಲ. ಇದು ಬಳಗದ ವಶದಲ್ಲಿ ಸುರಕ್ಷಿತವಾಗಿದೆ. ಅಜ್ಜಿಯ ದನಿಯೂ.' ಆಮೇಲೆ ಒಂದರ ಹಿಂದೆ ಒಂದು. ಬಳಗದವರು ಆ ಹಲ್ಲನ್ನು ಕೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ, ಕಿವಿಗಿಟ್ಟುಕೊಂಡು ತೆಗೆಸಿಕೊಂಡ ಚಿತ್ರಗಳು. ಇಬ್ಬರು ಅದನ್ನು ತುಟಿಗಳ ನಡುವೆ ಕಚ್ಚಿ ನಗುತ್ತಿದ್ದರು. ನಾದಿನಿ 'ದಯವಿಟ್ಟು ವಾಪಸ್ ಕೊಡಿ, ಅಮ್ಮನಿಗೆ ಊಟ ಮಾಡೋಕೆ ಆಗಲ್ಲ' ಎಂದು ಬರೆದಳು. ಹತ್ತು ನಿಮಿಷದಲ್ಲಿ ಅವಳನ್ನು ಅವಳೇ ಹುಟ್ಟುಹಾಕಿದ ಗುಂಪಿನಿಂದ ತೆಗೆದುಹಾಕಿದರು.

ಆಗ ಅವಳು ಅತ್ತಳು. ಅಳುತ್ತಲೇ ಬಾಯಿಬಿಟ್ಟಳು. "ಫೋಟೋಗೆ ಅಂತ ಕೇಳಿದ್ರು ಅತ್ತಿಗೆ. ನಾನೇ ಡಬ್ಬಿ ಕೊಟ್ಟೆ. ಐದು ನಿಮಿಷ ಅಂದ್ರು."

ಸೊಸೆ ಸಮಾಧಾನ ಮಾಡಲಿಲ್ಲ. ನಾದಿನಿಯ ಮೂಗಿನಿಂದ ಇಳಿಯುತ್ತಿದ್ದ ನೀರು, ಒದ್ದೆ ಕರವಸ್ತ್ರ, ಆ ಬಿಕ್ಕು, ಎಲ್ಲವೂ ಅವಳಿಗೆ ಅಸಹ್ಯವೆನಿಸಿತು. ಎದ್ದು ಹೋಗಿ ಗಂಜಿಗೆ ನೀರಿಟ್ಟಳು.

ಬನಿಯನ್ನುಗಳ ಪಾರ್ಸೆಲ್ ನಾದಿನಿಯ ಕೌಂಟರಿನ ಮೂಲಕವೇ ಬಂದಿತ್ತು, ಕಳಿಸಿದ ಮೂಲದನಿಯ ಮನೆಯ ವಿಳಾಸ ಅದರ ಮೇಲಿತ್ತು. ಮಾರನೆಯ ಬೆಳಿಗ್ಗೆ ಸೊಸೆ ಲ್ಯಾಬಿಗೆ ರಜೆ ಹೇಳಿ, ಗಂಡನನ್ನು ಕರೆದುಕೊಂಡು ಹೊರಟಳು. ಗಂಡ ಜಗಳಕ್ಕೆ ಆಗುವ ಆಳಲ್ಲ. ದಾರಿಯುದ್ದಕ್ಕೂ "ಪೊಲೀಸಿಗೆ ಹೇಳೋಣ ಕಣೇ" ಎನ್ನುತ್ತಿದ್ದ. "ಏನಂತ ಹೇಳ್ತೀರ? ನಮ್ಮಮ್ಮನ ಹಲ್ಲು ಕದ್ದಿದ್ದಾರೆ ಅಂತ? ಬಾಯಿ ಬಿಟ್ರೆ ಬಣ್ಣಗೇಡು" ಎಂದಳು ಸೊಸೆ.

ನಾಲ್ಕನೆಯ ಮಹಡಿಯ ಮನೆ. ಬಾಗಿಲು ತೆರೆದವಳು ಎಪ್ಪತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಕಚ್ಚಿದ ಬ್ರೆಡ್ಡಿನ ತುಂಡು. ನಕ್ಕಳು. ಸೊಸೆಗೆ ಆ ನಗು ನೋಡಿದ ತಕ್ಷಣ ಗೊತ್ತಾಯಿತು: ಮೇಲೂ ಕೆಳಗೂ ಪೂರ್ತಿ ಸೆಟ್, ಒಳ್ಳೆಯ ಕೈಯ ಕೆಲಸ, ಮಾಡಿಸಿ ಎರಡು ವರ್ಷವೂ ಆಗಿಲ್ಲ.

ಮೂಲದನಿ ಒಳಕೋಣೆಯಿಂದ ಬಂದ. ಜಾಹೀರಾತುಗಳಿಗೆ ದನಿ ತಿದ್ದಿ ಕೊಡುವುದು ಅವನ ಕೆಲಸ. ಕತ್ತಿನಲ್ಲಿ ಕಿವಿಗವಸು ನೇತಾಡುತ್ತಿತ್ತು. ನಲವತ್ತು ದಾಟಿದ, ಶುಭ್ರ ಅಂಗಿಯ, ಮೆಲುದನಿಯ ಮನುಷ್ಯ. ರಾಕ್ಷಸನ ಹಾಗೆ ಇದ್ದಿದ್ದರೆ ಸೊಸೆಗೆ ಸುಲಭವಾಗುತ್ತಿತ್ತು. "ಕೂತ್ಕೊಳ್ಳಿ, ನೀರು ಕುಡೀತೀರಾ?" ಎಂದ.

"ಹಲ್ಲು ಕೊಡಿ" ಎಂದಳು ಸೊಸೆ.

"ನೋಡಿ, ನಿಮ್ಮ ಕೋಪ ಅರ್ಥ ಆಗುತ್ತೆ. ಆದ್ರೆ ಅಜ್ಜಿ ಈಗ ನಿಮಗೊಬ್ಬರಿಗೇ ಸೇರಿದೋರಲ್ಲ. ಅವರ ದನಿ ಎಲ್ಲರದ್ದು."

"ದನಿ ಎಲ್ಲರದ್ದು ಇರಬಹುದು. ಬಾಯಿ ಅವರದ್ದೇ. ನಿನ್ನೆಯಿಂದ ಅವರು ಗಂಜಿ ಕುಡೀತಿದ್ದಾರೆ."

"ಮೂರು ತಿಂಗಳು ಗಂಜಿ ಕುಡಿದಾಗಲೇ ಅವರು ಹಾಗೆ ಹಾಡಿದ್ದು" ಎಂದ ಅವನು. ಕುಹಕವಿರಲಿಲ್ಲ. ನಿಜವಾಗಿಯೂ ನಂಬಿ ಹೇಳಿದ, ಕಣ್ಣಿನಲ್ಲಿ ನೀರಾಡಿತು.

ಸೊಸೆ ಅವನ ತಾಯಿಯ ಕಡೆ ತಿರುಗಿದಳು. "ಅಮ್ಮಾ, ನಿಮ್ಮ ಸೆಟ್ ಮಾಡಿಸಿ ಕೊಟ್ಟಿದ್ದು ಯಾರು?"

"ಇವನೇ" ಎಂದಳು ಮುದುಕಿ, ಹೆಮ್ಮೆಯಿಂದ. "ಎರಡು ಕಡೆ ವಿಚಾರಿಸಿ, ಒಳ್ಳೇ ಡಾಕ್ಟರ ಹತ್ರ ಕರ್ಕೊಂಡು ಹೋದ. ಯಾಕಮ್ಮ?"

"ಅದು ಬೇರೆ ವಿಷಯ" ಎಂದ ಮೂಲದನಿ ಗಡಿಬಿಡಿಯಿಂದ. "ಅಮ್ಮ ಹಾಡಲ್ಲ."

ಸೊಸೆ ಮುದುಕಿಗೆ ಎಲ್ಲವನ್ನೂ ಹೇಳಿದಳು, ದನಿ ಏರಿಸದೆ. ಗಂಡ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದ. ಮುದುಕಿಯ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಅವಳು ಮಗನ ಮುಖವನ್ನು ಒಂದು ಸಲ ನೋಡಿ, ಒಳಗೆ ಹೋಗಿ, ಡ್ರಾಯರ್ ಎಳೆದ ಸದ್ದಾಗಿ, ನೀಲಿ ಡಬ್ಬಿ ಹಿಡಿದು ಬಂದಳು. ಸೊಸೆಯ ಕೈಗಿಟ್ಟಳು.

"ಇವನಿಗೆ ನಾನು ಅನ್ನ ಅರೆದು ತಿನ್ನಿಸಿದ್ದೆ ಕಣಮ್ಮ, ಹಲ್ಲು ಬರೋ ಮುಂಚೆ" ಎಂದಳು. ಕೈಲಿದ್ದ ಬ್ರೆಡ್ಡನ್ನು ಮೇಜಿನ ಮೇಲೆ ಮಗನ ಮುಂದೆ ಇಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲ್ಯಾಬಿಗೆ ಹೋಗಿ ಡಬ್ಬಿ ತೆರೆದಾಗ ಸೊಸೆ ಕಂಡದ್ದು ಇದು: ಗುಲಾಬಿ ಒಸಡಿನ ಅಂಚಿಗೆ ತುಟಿಯ ಬಣ್ಣ ಮೆತ್ತಿತ್ತು. ಎರಡು ಬೇರೆ ಬೇರೆ ಬಣ್ಣ. ವಾಲಿದ ಕೋರೆಹಲ್ಲಿನ ಸಂದಿಯಲ್ಲಿ ಯಾರೋ ತಿಂದ ಸಿಹಿಯ ಚೂರು. ಯಾರ್ಯಾರ ಬಾಯಿಗೆ ಹೋಗಿ ಬಂದಿತ್ತೋ. ಬಚ್ಚಲಿಗೆ ಓಡಿದ್ದು ಆಗಲೇ. ಇಪ್ಪತ್ತೊಂದು ವರ್ಷ ಸಾವಿರಾರು ಜನರ ಎಂಜಲು ತೊಳೆದ ಕೈಗೆ ಇದನ್ನು ತೊಳೆಯಲಾಗಲಿಲ್ಲ. ಔಷಧದ ನೀರು ಇತ್ತು, ಬ್ರಷ್ ಇತ್ತು, ಅರ್ಧ ಗಂಟೆಯ ಕೆಲಸ. ಆಗಲೇ ಇಲ್ಲ.

ಮನೆಗೆ ಬಂದು ಹೇಳಿದಾಗ ಅತ್ತೆ ನಕ್ಕುಬಿಟ್ಟಳು. "ತೊಳೆದು ಕೊಡೇ. ಗಿರಣೀಲಿ ಒಂದೇ ಲೋಟದಲ್ಲಿ ಇಪ್ಪತ್ತು ಜನ ನೀರು ಕುಡೀತಿದ್ವಿ."

"ಅವ್ರು ಬಾಯಾರಿ ಕುಡಿದಿದ್ದು ಅತ್ತೆ."

ಅತ್ತೆ ನಗು ನಿಲ್ಲಿಸಿದಳು. "ಸರಿ, ನಿನ್ನಿಷ್ಟ" ಎಂದಳು.

ಸೊಸೆ ಆ ಸೆಟ್ಟನ್ನು ಪ್ಲಾಸ್ಟರ್ ಒಡೆಯುವ ಸುತ್ತಿಗೆಯಿಂದ ಒಡೆದು ಹಾಕಿದಳು. ಡಾಕ್ಟರು ಮತ್ತೆ ಅಚ್ಚು ತೆಗೆದರು. ಆರನೆಯ ದಿನ ಹೊಸದು ಅತ್ತೆಯ ಬಾಯಲ್ಲಿ ಕೂತಿತು.

ಬಳಗ ಮುಚ್ಚಲಿಲ್ಲ. ಮುಚ್ಚುತ್ತದೆ ಎಂದು ಸೊಸೆ ಅಂದುಕೊಂಡಿದ್ದೇ ಹುಚ್ಚು. ಆ ಮೂರು ತಿಂಗಳಲ್ಲಿ ತೆಗೆದ ಹನ್ನೆರಡು ವಿಡಿಯೋ ಅವರಿಗೆ ಸಾಕಿತ್ತು. ಅತ್ತೆಯ ಹೊಸ ಹಾಡನ್ನು ಯಾರಾದರೂ ಹಾಕಿದರೆ ಕೆಳಗೆ 'ನಕಲಿ' ಎಂದು ಬರೆದು ತೆಗೆಯುತ್ತಿದ್ದರು. ಹಾಡಿದವಳು ಬದುಕಿ, ಅದೇ ಊರಿನ ಒಂದು ಮನೆಯಲ್ಲಿ ಕೂತು ರೊಟ್ಟಿ ಮುರಿದು ತಿನ್ನುತ್ತಿರುವುದು ಅವರಿಗೆ ಒಂದು ತೊಡಕಾಗಿತ್ತು, ಅಷ್ಟೆ. ನಾದಿನಿ ಮತ್ತೆ ಭಾನುವಾರಗಳಂದು ಬರತೊಡಗಿದಳು. ತಾಯಿ ಮಗಳು ಒಂದಾದರು, ರಕ್ತ ರಕ್ತವೇ. ಸೊಸೆ ತಟ್ಟೆ ಇಟ್ಟು ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಂದ ಆಗಲಿಲ್ಲ.

ಒಂದು ಸಂಜೆ ಅತ್ತೆ ಬಟ್ಟೆ ಮಡಿಸುತ್ತ, ಯಾರ ಕಡೆಗೂ ನೋಡದೆ, "ಅವ್ರೆಲ್ಲ ಈಗ ನನ್ನ ಬಗ್ಗೆ ಏನಂತಾರೆ?" ಎಂದು ಕೇಳಿದಳು.

"ಏನೂ ಅನ್ನಲ್ಲ ಅತ್ತೆ."

"ಏನೂ ಅನ್ನಲ್ವಾ" ಎಂದಳು ಅತ್ತೆ. ಕೊನೆಯ ಬಟ್ಟೆ ಮಡಿಸಿಟ್ಟು, "ಆ ನರ್ಸು ಒಳ್ಳೇಳಿದ್ಲು" ಎಂದಳು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು, ಇಪ್ಪತ್ತೆರಡು ಇಪ್ಪತ್ಮೂರರವರು, ಫೋನನ್ನು ಎದುರು ಹಿಡಿದು ಹಾಡುತ್ತಿದ್ದರು. ಇಬ್ಬರಿಗೂ ಒಳ್ಳೆಯ, ಗಟ್ಟಿ, ಸಾಲಾದ ಹಲ್ಲುಗಳಿದ್ದವು. ಅವುಗಳ ಮೇಲೆ ತುಟಿಗಳನ್ನು ಒಳಗೆ ಮಡಿಸಿ ಕಚ್ಚಿಕೊಂಡು, ಕೆನ್ನೆ ಹೀರಿಕೊಂಡು, 'ಶುತ್ತು ಶುತ್ತು ನೂಲೇ' ಎನ್ನುತ್ತ, ಸಾಲಿನ ಕೊನೆಗೆ ಬೇಕೆಂದೇ ಶಿಳ್ಳೆ ಬಿಡುತ್ತಿದ್ದರು. ಒಬ್ಬಳ ಗಲ್ಲಕ್ಕೆ ಜೊಲ್ಲು ಇಳಿಯಿತು. ಅದನ್ನು ಒರೆಸದೆ ಫೋನಿಗೆ ಹತ್ತಿರ ತಂದಳು.

ಸೊಸೆ ಎದ್ದು ಗಂಟೆ ಒತ್ತಿದಳು. ಅವಳ ಸ್ಟಾಪು ಇನ್ನೂ ಮೂರು ಆಚೆಗಿತ್ತು. ಇಳಿದು, ಬಸ್ಸಿನ ಹೊಗೆಯಲ್ಲಿ ನಿಂತು, ರಸ್ತೆಯ ಬದಿಗೆ ಒಂದು ಸಲ ಗಟ್ಟಿಯಾಗಿ ಉಗಿದು, ಬಾಯಿ ಒರೆಸಿಕೊಂಡು ನಡೆದೇ ಹೋದಳು.